ಪಾಪರ್ ಅರ್ಜಿಯೋ, ಕಂತಿನ ಒಪ್ಪಂದವೋ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಾಲದ ಮಾತನ್ನು ಸಭೆಯಲ್ಲಿ ಎತ್ತಿದರೆ ತಲೆ ತಗ್ಗಿಸುವವರೇ ಹೆಚ್ಚು. ತಲೆ ತಗ್ಗಿಸಬೇಕಾದ ವಿಷಯ ಇದಲ್ಲ. ಮಳೆ ಕೈಕೊಟ್ಟಿತು, ಮನೆಯಲ್ಲಿ ಕಾಯಿಲೆ ಬಂದಿತು, ಕೊರೆದ ಬಾವಿಯಲ್ಲಿ ನೀರು ಬರಲಿಲ್ಲ. ಸಾಲ ಹುಟ್ಟುವುದು ಹೀಗೆ. ತೀರಿಸಲಾಗದೆ ಒಂದು ರಾತ್ರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಸಂಸಾರಗಳನ್ನು ತಾವೂ ಕಂಡಿದ್ದೀರಿ. ಹಾಗೆ ಹೋಗುವ ಮುನ್ನ ಎರಡು ದಾರಿಗಳುಂಟು. ಒಂದು, ಹಿರಿಯರ ಮುಂದೆ ಮಾಡಿಕೊಂಡ ಕಂತಿನ ಒಪ್ಪಂದ. ಇನ್ನೊಂದು, ನ್ಯಾಯಾಲಯಕ್ಕೆ ದಿವಾಳಿ ಅರ್ಜಿ. ಹಳ್ಳಿಯ ಮಾತಿನಲ್ಲಿ ಪಾಪರ್ ಆಗುವುದು. ಯಾರಿಗೆ ಯಾವುದು ತಕ್ಕದ್ದು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಬ್ಬ ರೈತನಿದ್ದಾನೆ ಎಂದಿಟ್ಟುಕೊಳ್ಳಿ. ಮೂರು ಎಕರೆ ಖುಷ್ಕಿ, ಎರಡು ಹಸು. ಸಹಕಾರ ಸಂಘದ ಬೆಳೆಸಾಲ 90,000 ರೂಪಾಯಿ, ಒಡವೆ ಅಡವಿಟ್ಟದ್ದು 60,000, ಹೆಂಡತಿ ಗುಂಪಿನಲ್ಲಿ ತೆಗೆದದ್ದು 50,000, ಇವಲ್ಲದೆ ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಲ್ಲಿ ಕೈಸಾಲ 2,00,000. ಹಾಲು ಕೂಲಿ ಎಲ್ಲ ಸೇರಿ, ಮನೆಯ ಖರ್ಚು ಕಳೆದು, ತಿಂಗಳಿಗೆ 7,000 ಉಳಿಯುತ್ತದೆ. ಕೈಸಾಲ ಕೊಟ್ಟವರು ಗಲಾಟೆ ಮಾಡಿದಾಗ ನಾಲ್ಕು ಜನ ಹಿರಿಯರು ಕೂತು, ತಿಂಗಳಿಗೆ 6,000 ಕೊಡತಕ್ಕದ್ದೆಂದು ತೀರ್ಮಾನ ಮಾಡಿದರು. ಎಲ್ಲರೂ ಸಮಾಧಾನದಿಂದ ಎದ್ದು ಹೋದರು.

ಈಗ ಲೆಕ್ಕ ನೋಡಿ. ಎರಡು ಲಕ್ಷಕ್ಕೆ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಯೇ 6,000. ವರ್ಷಕ್ಕೆ 72,000 ಕೊಟ್ಟರೂ ಅಸಲಿನಲ್ಲಿ ಒಂದು ರೂಪಾಯಿ ಇಳಿಯುವುದಿಲ್ಲ. ಗುಂಪಿನ ಕಂತು ತಿಂಗಳಿಗೆ 2,800 ಬೇರೆ. ಎರಡೂ ಸೇರಿ 8,800, ಕೈಯಲ್ಲಿರುವುದು 7,000. ತಿಂಗಳಿಗೆ 1,800 ರೂಪಾಯಿ ಎಲ್ಲಿಂದಲೋ ತರಬೇಕು, ಎಂದರೆ ವರ್ಷಕ್ಕೆ 21,600 ಹೊಸ ಸಾಲ. ಸಂಘದ ಬೆಳೆಸಾಲಕ್ಕೆ ಏನೂ ಉಳಿಯಲಿಲ್ಲ. ಗಡುವು ಮೀರಿದ್ದರಿಂದ ಅದರ ಬಡ್ಡಿ ರಿಯಾಯಿತಿಯೂ ಹೋಯಿತು. ಇಂಥ ಒಪ್ಪಂದ ಮೊದಲ ದಿನವೇ ಮುರಿದದ್ದು. ಮುರಿದದ್ದು ತಿಳಿಯುವುದಕ್ಕೆ ಮಾತ್ರ ವರ್ಷ ಹಿಡಿಯುತ್ತದೆ.

ಹಾಗಾದರೆ ಪಾಪರ್ ಆಗಿಬಿಡಲೇ ಎಂದು ಕೇಳುವಿರಿ. ಆ ಕಾನೂನಿನ ವಿಷಯವಾಗಿ ಊರಲ್ಲಿ ತಪ್ಪು ತಿಳಿವಳಿಕೆ ಬಹಳ. ‘ಪಾಪರ್ ಚೀಟಿ’ ಸಿಕ್ಕಿತೆಂದರೆ ಎಲ್ಲ ಸಾಲವೂ ಅಳಿಸಿಹೋಯಿತು ಎಂದು ಭಾವಿಸುವವರುಂಟು. ಹಾಗಲ್ಲ.

2016ರಲ್ಲಿ ದೇಶಕ್ಕೆ ಹೊಸ ದಿವಾಳಿ ಸಂಹಿತೆ ಬಂದಿತಾದರೂ, ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಪಟ್ಟ ಭಾಗ ಸಾಮಾನ್ಯ ರೈತನ ಮಟ್ಟಿಗೆ ಜಾರಿಗೆ ಬಂದಿಲ್ಲ. ಹಳ್ಳಿಗಳಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾನೂನೇ. ತೀರಿಸಲಾಗದ ಸಾಲ 500 ರೂಪಾಯಿ ಮುಟ್ಟಿದ್ದರೆ, ಅಥವಾ ಡಿಕ್ರಿಯ ಮೇಲೆ ಆಸ್ತಿ ಜಪ್ತಿಯಾಗಿದ್ದರೆ, ಸಾಲಗಾರನೇ ಅರ್ಜಿ ಕೊಡಬಹುದು. ನ್ಯಾಯಾಲಯ ಅವನನ್ನು ದಿವಾಳಿಯೆಂದು ಘೋಷಿಸಿದ ಮೇಲೆ ಸಾಲಿಗರು ಅನುಮತಿಯಿಲ್ಲದೆ ಹೊಸ ದಾವೆ ಹೂಡುವಂತಿಲ್ಲ. ಇದು ದೊಡ್ಡ ನೆಮ್ಮದಿಯೇ ಸರಿ. ಆದರೆ ಅದೇ ಕ್ಷಣದಲ್ಲಿ ಅವನ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗುತ್ತದೆ. ಬಿಡುಗಡೆಯ ಆಜ್ಞೆ ಆಗುವವರೆಗೆ ಹೊಸದಾಗಿ ಬಂದ ಆಸ್ತಿಯೂ ಅಲ್ಲಿಗೇ.

ಜಪ್ತಿ ಮಾಡಬಾರದವು ಕೆಲವುಂಟು: ಬೇಸಾಯವನ್ನೇ ನಂಬಿದವನ ಉಪಕರಣಗಳು, ಜೀವನಕ್ಕೆ ಬೇಕಾದಷ್ಟು ದನ, ಬಿತ್ತನೆಯ ಕಾಳು, ಅವನು ವಾಸಮಾಡುವ ಮನೆ, ಅಡುಗೆಯ ಪಾತ್ರೆ, ಹಾಸಿಗೆ ಬಟ್ಟೆ. ಈ ಪಟ್ಟಿಯಲ್ಲಿ ಹೊಲದ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಅಡವಿಟ್ಟ ಒಡವೆಗೂ ಆಧಾರಮಾಡಿದ ಜಮೀನಿಗೂ ಈ ಕಾನೂನಿನಿಂದ ರಕ್ಷಣೆಯಿಲ್ಲ. ಅಡವು ಹಿಡಿದವನ ಹಕ್ಕು ಹಾಗೆಯೇ ಉಳಿಯುತ್ತದೆ. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ಮೋಸದಿಂದ ಆದ ಸಾಲ, ಇವೂ ಬಿಡುಗಡೆಯಿಂದ ಅಳಿಯವು. ಜಾಮೀನು ನಿಂತವನಿಗಂತೂ ಬಿಡುಗಡೆಯೇ ಇಲ್ಲ. ತಮ್ಮ ಮೇಲಿನ ನಂಬಿಕೆಯಿಂದ ಸಹಿ ಹಾಕಿದ ಭಾವನೋ ನೆರೆಯವನೋ ಪೂರ್ತಿ ಕೊಡಬೇಕಾಗುತ್ತದೆ. ಅರ್ಜಿಗೆ ಮುಂಚೆ ಈ ಒಂದು ಮುಖವನ್ನು ನೆನೆಯಿರಿ.

ಹೊಲವನ್ನು ತಮ್ಮನ ಹೆಸರಿಗೆ ಬರೆದುಕೊಟ್ಟು ಆಮೇಲೆ ಅರ್ಜಿ ಹಾಕಿ ಎಂದು ಬುದ್ಧಿ ಹೇಳುವವರು ಇದ್ದೇ ಇರುತ್ತಾರೆ. ನಂಬಬೇಡಿ. ಸರಿಯಾದ ಬೆಲೆ ಪಡೆಯದೆ ಎರಡು ವರ್ಷದೊಳಗೆ ಮಾಡಿದ ವರ್ಗಾವಣೆಯನ್ನು ರಿಸೀವರನ ಕೋರಿಕೆಯ ಮೇಲೆ ನ್ಯಾಯಾಲಯ ರದ್ದುಮಾಡಬಲ್ಲದು. ಬಿಡುಗಡೆಗೂ ಅದರಿಂದ ಅಡ್ಡಿ ಬಂದೀತು. ಘೋಷಣೆಯೇ ಕೊನೆಯೂ ಅಲ್ಲ. ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ಬಿಡುಗಡೆಗೆಂದು ಇನ್ನೊಂದು ಅರ್ಜಿ ಕೊಡಬೇಕು. ಮರೆತರೆ ಘೋಷಣೆಯೇ ರದ್ದು. ಬಿಡುಗಡೆಯಾಗದ ದಿವಾಳಿ ತನ್ನ ಸ್ಥಿತಿಯನ್ನು ತಿಳಿಸದೆ 50 ರೂಪಾಯಿ ಸಾಲ ತಂದರೂ ಅಪರಾಧ. ಸ್ಥಳೀಯ ಸಂಸ್ಥೆಗಳ ಚುನಾವಣೆಗೂ ಅವನು ಅನರ್ಹ.

ಇಷ್ಟು ಕೇಳಿ ಹೆದರಬೇಕಾಗಿಲ್ಲ. ಜಮೀನಿಲ್ಲದ ಕೂಲಿಗಾರ, ಅಂಗಡಿ ಮುಳುಗಿದ ಚಿಲ್ಲರೆ ವ್ಯಾಪಾರಿ, ಬಾಡಿಗೆಯ ಮನೆ, ಸಾಲವೆಲ್ಲ ನೋಟು ಬರೆದುಕೊಟ್ಟ ಕೈಸಾಲ, ಜಾಮೀನುದಾರರಿಲ್ಲ, ಡಿಕ್ರಿಗಳು ಒಂದರ ಹಿಂದೊಂದು ಬರುತ್ತಿವೆ ಎನ್ನುವಂಥವನಿಗೆ ದಿವಾಳಿ ಅರ್ಜಿ ನಿಜವಾದ ಆಸರೆ. ಅವನು ನಾಚಿಕೆಯಿಂದ ಸುಮ್ಮನಿರುವುದು ತರವಲ್ಲ. ನಮ್ಮ ಲೆಕ್ಕದ ರೈತನಿಗೆ ಮಾತ್ರ ಅದು ಹೊಂದದು. ಅವನಿಗೆ ಹೊಲವಿದೆ, ಒಡವೆ ಅಡವಿನಲ್ಲಿದೆ, ಹೆಂಡತಿಯ ಸಾಲಕ್ಕೆ ಗುಂಪಿನ ಹೆಂಗಸರು ಹೊಣೆ. ಹೊಲದ ಬೆಲೆ ಸಾಲಕ್ಕಿಂತ ಹೆಚ್ಚಾಗಿದ್ದರೆ ತೀರಿಸಲು ಶಕ್ತಿಯಿಲ್ಲವೆಂಬ ಅವನ ಮಾತನ್ನು ನ್ಯಾಯಾಲಯ ಒಪ್ಪುವುದೂ ಕಷ್ಟ.

ಅವನು ಮಾಡಬೇಕಾದದ್ದು ಒಪ್ಪಂದವನ್ನು ಬಿಚ್ಚಿ ಮತ್ತೆ ಕಟ್ಟುವುದು. ಕೊಟ್ಟ 72,000ವನ್ನು ಅಸಲಿಗೆ ಜಮಾ ಹಿಡಿದು, ಮುಂದಿನ ಬಡ್ಡಿ ನಿಲ್ಲಿಸಿದರೆ ಉಳಿಯುವುದು 1,28,000. ತಿಂಗಳಿಗೆ 3,500ರಂತೆ ಮೂರು ವರ್ಷ ಚಿಲ್ಲರೆಯಲ್ಲಿ ತೀರುತ್ತದೆ. ಗುಂಪಿನ ಕಂತು ಸೇರಿ 6,300. ಕೈಗೆ ನಿಲುಕುವ ಮೊತ್ತ. ಸಾಲ ಕೊಟ್ಟವನು ಇದಕ್ಕೆ ಏಕೆ ಒಪ್ಪಿಯಾನು? ಲೇವಾದೇವಿಯನ್ನೇ ಕಸುಬು ಮಾಡಿಕೊಂಡವನು ಸಾಲ ಕೊಟ್ಟಾಗ ಪರವಾನಗಿ ಹೊಂದಿಲ್ಲದಿದ್ದರೆ, 1961ರ ಲೇವಾದೇವಿದಾರರ ಕಾಯಿದೆಯಂತೆ ಅವನಿಗೆ ಡಿಕ್ರಿ ಸಿಕ್ಕದು. ವಿಪರೀತ ಬಡ್ಡಿಯನ್ನು ನಿಷೇಧಿಸುವ 2004ರ ಕಾಯಿದೆಯೂ ಉಂಟು. ಕಿರುಸಾಲ ವಸೂಲಿಯ ಬಲಾತ್ಕಾರವನ್ನು ತಡೆಯಲು ರಾಜ್ಯವು 2025ರಲ್ಲಿ ಕಾನೂನು ಮಾಡಿತು. ಇವನ್ನು ಬೆದರಿಕೆಯಾಗಿ ಆಡದೆ, ತಿಳಿದಿದೆ ಎಂದು ಹಿರಿಯರ ಮೂಲಕ ಸೂಚಿಸಿದರೆ ಮಾತು ಮೆತ್ತಗಾಗುತ್ತದೆ. ಹಣ ಕೊಟ್ಟವನೂ ಕಷ್ಟಪಟ್ಟು ಕೂಡಿಟ್ಟ ನೆರೆಯವನೇ ಆಗಿದ್ದರೆ, ಅವನ ಅಸಲು ಮುಳುಗದಂತೆ ನೋಡುವುದು ನ್ಯಾಯ.

ಬಡತನದಿಂದ ಕೊಡಲಾಗದವನನ್ನು ಅಷ್ಟಕ್ಕೇ ಸಿವಿಲ್ ಜೈಲಿಗೆ ಕಳುಹಿಸಕೂಡದೆಂದು 1980ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದುದರಿಂದ ಜೈಲಿನ ಹೆದರಿಕೆಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಹೊಸ ಒಪ್ಪಂದ ಬಾಯಿಮಾತಿನಲ್ಲಿ ನಿಲ್ಲಬಾರದು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ್ ಅದಾಲತ್‌ನಲ್ಲಿ ಇತ್ಯರ್ಥವಾದರೆ ಅದಕ್ಕೆ ಡಿಕ್ರಿಯ ಬಲ ಬರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆಯಿರುವವರಿಗೆ ಸಮಿತಿಯ ವಕೀಲರ ನೆರವು ಉಚಿತ. ಹೋಗುವಾಗ ಪಾಸ್ ಪುಸ್ತಕ, ಪಹಣಿ, ಒಡವೆ ಅಡವಿನ ಚೀಟಿ, ಗುಂಪಿನ ಕಂತಿನ ಕಾರ್ಡು ಜೊತೆಗಿರಲಿ. ಯಾರಿಗೆ ಎಷ್ಟು, ಯಾವ ಬಡ್ಡಿ, ಈವರೆಗೆ ಕೊಟ್ಟದ್ದೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳಿಂದ ಬರೆಯಿಸಬಹುದು.