ಅಂಟದ ರೋಗ

ಇಸಬು ಎಂದರೆ ಕೇಳಿದವರು ಮುಗುಳ್ನಗುತ್ತಾರೆ, ಇಲ್ಲವೆ ಒಂದು ಹೆಜ್ಜೆ ದೂರ ಸರಿಯುತ್ತಾರೆ. ಸಾಯಿಸದ ರೋಗಕ್ಕೆ ಮರುಕ ಹುಟ್ಟುವುದು ಕಷ್ಟ. ಇದನ್ನು ನಾನು ಅರಿತದ್ದು ನನ್ನ ಸೋದರಮಾವನವರ ಬಾಳಿನಿಂದ.

ಮಾವ ತುಮಕೂರು ಕಡೆಯ ರಾಗಿ ಹೊಲದ ರೈತರು. ಐವತ್ತು ದಾಟಿದ ಮೇಲೆ, ಒಂದು ಮಳೆಗಾಲದಲ್ಲಿ, ಅವರ ಕಣ್ಣರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳು ಕೆಂಪೇರಿದುವು. ಬರಬರುತ್ತ ಆ ಚರ್ಮ ದಪ್ಪಗಟ್ಟಿ, ಬಿರಿದು, ರಸ ಒಸರತೊಡಗಿತು. ಕಾರಣ ಬದುವಿನ ಮೇಲೆಯೇ ನಿಂತಿತ್ತು: ಬಿಳಿಯ ಹೂವಿನ ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆಯನ್ನು 1956ರಲ್ಲಿ ಪುಣೆಯಲ್ಲಿ ಗುರುತಿಸಿದರು. ಕೆಲವೇ ದಶಕಗಳಲ್ಲಿ ಅದು ನಮ್ಮ ಬಯಲುಸೀಮೆಯನ್ನು ಆವರಿಸಿತು. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಣಗಿದ ಗಿಡದ ಧೂಳಿನೊಡನೆ ಗಾಳಿಯಲ್ಲಿ ತೇಲಿ ಬರುತ್ತದೆ. ಮೈಗೆ ಅದು ಒಮ್ಮೆ ಒಗ್ಗದೆ ಹೋದರೆ, ಗಿಡವನ್ನು ಮುಟ್ಟದಿದ್ದರೂ ಬಿಡುಗಡೆಯಿಲ್ಲ.

"ಹೊಲಕ್ಕೆ ಹೋಗಬೇಡಿ" ಎಂದರು ವೈದ್ಯರು. ರೈತನಿಗೆ ಇದಕ್ಕಿಂತ ದುಬಾರಿಯಾದ ಪಥ್ಯ ಉಂಟೆ? ಮಾವ ಹೊಲವನ್ನು ವಾರಕ್ಕೆ ಕೊಟ್ಟರು. ಅರ್ಧ ಬೆಳೆ ಕೈಬಿಟ್ಟಿತು. ಉಳಿದರ್ಧದಲ್ಲಿ ಮುಲಾಮು, ಗುಳಿಗೆ, ಪಟ್ಟಣದ ಬಸ್ಸಿನ ಖರ್ಚು. ರಾತ್ರಿಯೆಲ್ಲ ತುರಿಕೆ, ಹಗಲೆಲ್ಲ ನಿದ್ದೆಗೆಟ್ಟ ಸಿಡುಕು. ಊರಿನವರು ನಾಗದೋಷವೆಂದರು. ಕ್ಷೌರದಂಗಡಿಯಲ್ಲಿ ಅವರ ಸರದಿ ಬಂದರೂ ಬರುತ್ತಿರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೊನೆಯ ಎಲೆಯನ್ನು ತಾವಾಗಿಯೇ ಹುಡುಕಿಕೊಳ್ಳತೊಡಗಿದರು. ಒಂದು ಸಂಜೆ, "ಇನ್ನು ಸಾಕಪ್ಪ" ಎಂದರು. ತುರಿಕೆ ಸಾಕೆಂದರು ಎಂದುಕೊಂಡೆ. ಅವರಿಗೆ ಸಾಕಾಗಿದ್ದು ಬದುಕು ಎಂಬುದು ನನಗೆ ಹೊಳೆದದ್ದು ತಡವಾಗಿ.

1994ರಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದಿಂದ ಫಿನ್ಲೆ ಮತ್ತು ಖಾನ್ ಎಂಬವರು ಚರ್ಮರೋಗಿಗಳಿಗಾಗಿ ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಳೆದ ಒಂದು ವಾರದಲ್ಲಿ ತುರಿಕೆ, ನೋವು ಎಷ್ಟಿತ್ತು ಎಂಬುದು ಮೊದಲನೆಯದು. ನಾಚಿಕೆ ಎಷ್ಟಾಯಿತು ಎಂಬುದು ಎರಡನೆಯದು. ಮುಂದಿನವು ಉಡುಪು, ದುಡಿಮೆ, ಗೆಳೆತನ, ದಾಂಪತ್ಯಗಳಿಗೆ ಸಂಬಂಧಿಸಿದವು. ಹೆಚ್ಚೆಂದರೆ 30 ಅಂಕ. ಅಂಕ ಏರಿದಷ್ಟೂ ಬಾಳು ಕುಸಿದಿದೆ ಎಂದರ್ಥ.

ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ತರುಣ ವೈದ್ಯೆ ಈ ಪ್ರಶ್ನೆಗಳನ್ನು ಮಾವನಿಗೆ ಓದಿ ಹೇಳಿದರು. ಎರಡನೆಯ ಪ್ರಶ್ನೆಗೆ ಮಾವ ಉತ್ತರ ಕೊಡಲಿಲ್ಲ. ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಅಷ್ಟು ವರ್ಷಗಳಲ್ಲಿ ಅದನ್ನು ಅವರಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇಸಬು ಮುಟ್ಟಿದರೆ ಅಂಟುವುದಿಲ್ಲ. ಈ ಒಂದು ಸಂಗತಿಯನ್ನು ತಿಳಿಯಲು ಖರ್ಚೇನೂ ಇಲ್ಲ. ಆ ವರ್ಷದ ಮದುವೆಯೊಂದರಲ್ಲಿ ನಾನು ಪಂಕ್ತಿಯ ಕೊನೆಗೆ ಹೋಗಿ, ಮಾವನ ಪಕ್ಕದ ಎಲೆಗೆ ಕುಳಿತೆ. ಅವರು ಏನೂ ಹೇಳಲಿಲ್ಲ. ತಮ್ಮ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ಎಲೆಗೆ ಹಾಕಿದರು.