ಚಂದ್ರಲಾಂಬೆಯ ಅಂಗಳದಲ್ಲಿ ಅಶೋಕ
(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸ)



ಪುಣೆಯಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರ ಮನೆಗಳಲ್ಲಿ ಮದುವೆ-ಮುಂಜಿಗಳು ಮುಗಿದೊಡನೆ ಒಂದು ಪ್ರಯಾಣ ತಪ್ಪದು. ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿ, ಕುಲದೇವತೆಯಾದ ಚಂದ್ರಲಾಂಬೆಗೆ ಉಡಿ ತುಂಬಿ ಬರುವುದು. ನಾನೂ ಬಾಲ್ಯದಲ್ಲಿ ಅಜ್ಜಿಯ ಕೈಹಿಡಿದು ಹೋದವನು. ನಾಲವಾರದಲ್ಲಿ ರೈಲಿನಿಂದಿಳಿದು ಊರು ಸೇರಿದರೆ ಮೊದಲು ಭೀಮಾನದಿಯ ಸ್ನಾನ. "ನಿಮ್ಮ ಪುಣೆದ ನೀರೇ ಇಲ್ಲಿಗೆ ಬಂದದ ನೋಡು" ಎಂದು ಅಜ್ಜಿ ನಗುತ್ತಿದ್ದರು. ಮುಳಾ-ಮುಠೆಯರು ಭೀಮೆಯನ್ನು ಕೂಡುವುದರಿಂದ ಅವರ ಮಾತು ಭೂಗೋಳಕ್ಕೂ ಒಪ್ಪುವಂಥದೇ. ಸ್ನಾನವಾದ ಮೇಲೆ ದೇವಿಯ ದರ್ಶನ. ಅದೇ ಆವರಣದ ಕಾಳಿಯ ಗುಡಿಯಲ್ಲಿ ಸಾಷ್ಟಾಂಗ ನಮಸ್ಕಾರ.

ಅಂದು ನಾನು ಹಣೆ ಹಚ್ಚಿದ್ದು ಯಾವ ಕಲ್ಲಿನ ಮುಂದೆ ಎಂಬುದು ನನಗಾಗಲಿ ಅಜ್ಜಿಗಾಗಲಿ ಅರ್ಚಕರಿಗಾಗಲಿ ತಿಳಿದಿರಲಿಲ್ಲ. 1986ರಲ್ಲಿ ಆ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿ ಬಯಲಿಗೆ ಬಂತು. ಅದರ ಎರಡೂ ಬದಿಗಳಲ್ಲಿ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅವು ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳು. ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ಶಿಲಾಶಾಸನಗಳ ಭಾಗಗಳೊಡನೆ, ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಕಳಿಂಗದ ಅಧಿಕಾರಿಗಳಿಗೆ ಬರೆಸಿದ ಮಾತುಗಳು ಭೀಮೆಯ ದಡಕ್ಕೆ ಏಕೆ ಬಂದವು ಎಂಬ ಬಗ್ಗೆ ವಿದ್ವಾಂಸರ ಊಹೆಗಳು ಹಲವು. ಅವುಗಳಿಗೆ ನಾನು ಕೈಹಾಕುವುದಿಲ್ಲ.

ನನ್ನನ್ನು ಕಾಡುವುದು ಹನ್ನೆರಡನೆಯ ಶಾಸನ. ಗಿರ್ನಾರ್ ಮುಂತಾದೆಡೆ ಪೂರ್ಣವಾಗಿ ದೊರೆತಿರುವ ಅದರ ತಾತ್ಪರ್ಯವಿಷ್ಟು: ಅಕಾರಣವಾಗಿ ತನ್ನ ಮತವನ್ನು ಹೊಗಳಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡಿಕೊಳ್ಳುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಈ ಮಾತನ್ನು ಹೊತ್ತ ಕಲ್ಲಿನ ನಟ್ಟನಡುವೆ, ಮೂರ್ತಿಯನ್ನು ನಿಲ್ಲಿಸಲೆಂದು, ಚೌಕನೆಯ ಗುಳಿ ಕೊರೆಯಲಾಗಿದೆ. ಅಲ್ಲಿದ್ದ ಅಕ್ಷರಗಳು ಹೋದವು.

ಈಚೆಗೆ ನನ್ನೊಡನೆ ಬಂದ ಮಗಳು ಕೇಳಿದಳು: "ಕೊರೆದವರು ಓದಲು ಬಾರದೆ ಕೊರೆದರೋ, ಓದಿಯೂ ಕೊರೆದರೋ?" ಈ ಪ್ರಶ್ನೆಗೆ ಇಂದು ಎರಡು ಬಣಗಳ ಸಿದ್ಧ ಉತ್ತರಗಳಿವೆ. ಒಂದು ಬಣಕ್ಕೆ ಇದು ದ್ವೇಷದ ಗುರುತು. ಇನ್ನೊಂದಕ್ಕೆ ಮಾತನಾಡಲೇಬಾರದ ವಿಷಯ. ನಾನು ಹೇಳಿದ್ದಿಷ್ಟೆ: ಬ್ರಾಹ್ಮಿಯನ್ನು ಓದುವ ವಿದ್ಯೆ ಶತಮಾನಗಳ ಕಾಲ ನಮ್ಮ ದೇಶದಲ್ಲಿಯೇ ಮರೆತುಹೋಗಿತ್ತು, ಅದನ್ನು ಮತ್ತೆ ಬಿಡಿಸಿದವನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್. ಗುಳಿ ಕೊರೆದವನಿಗೆ ಅದು ಒಂದು ಒಳ್ಳೆಯ ಚಪ್ಪಡಿ ಮಾತ್ರವಾಗಿದ್ದಿರಬಹುದು. ಅವನು ಅದನ್ನು ಗಾಯಗೊಳಿಸಿದ, ನಿಜ. ಆದರೆ ದೇವಿಯ ಪಾದದಡಿ ಇರದೆ ಹೊಲದಲ್ಲಿ ಬಿದ್ದಿದ್ದರೆ ಆ ಕಲ್ಲು ಯಾವ ಬಾವಿಯ ಕಟ್ಟೆಗೆ, ಯಾವ ಮನೆಯ ಹೊಸ್ತಿಲಿಗೆ ಹೋಗುತ್ತಿತ್ತೋ! ಮಗಳಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಆಗಿಲ್ಲ.

ಗುಡಿಯಿಂದ ಎರಡು-ಮೂರು ಕಿಲೋಮೀಟರು ದೂರದಲ್ಲಿ, ಅದೇ ನದಿಯ ದಂಡೆಗುಂಟ, ಕನಗನಹಳ್ಳಿ. ಈ ಪ್ರದೇಶ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿಯೇ, 1954ರಲ್ಲಿ, ಕಪಟರಾಳ ಕೃಷ್ಣರಾಯರು ಸನ್ನತಿಯ ಪ್ರಾಚೀನತೆಯತ್ತ ವಿದ್ವಾಂಸರ ಗಮನ ಸೆಳೆದಿದ್ದರು. ಆದರೆ ಕನಗನಹಳ್ಳಿಯ ಮಹಾಸ್ತೂಪ ಮಣ್ಣಿನಿಂದ ಹೊರಬಂದದ್ದು 1990ರ ದಶಕದ ಉತ್ಖನನದಲ್ಲಿ. ಶಾಸನಗಳು ಅದನ್ನು 'ಅಧೋಲೋಕ ಮಹಾಚೈತ್ಯ' ಎಂದು ಕರೆಯುತ್ತವೆ. ಜಾತಕ ಕಥೆಗಳು, ಬುದ್ಧನ ಜೀವನದ ಘಟನೆಗಳು, ಹೆಸರುಸಹಿತ ಶಾತವಾಹನ ಅರಸರು, ಎಲ್ಲವೂ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ. ಪುಣೆಯ ಹಳೆಯ ವಾಡೆಗಳ ನೆಲಕ್ಕೆ ಹಾಸಿದ ಶಹಾಬಾದಿ ಫರ್ಶಿಯೂ ಇದೇ ಭೀಮಾ ಕಣಿವೆಯ ಸುಣ್ಣಕಲ್ಲೇ. ನಾವು ದಿನವೂ ತುಳಿಯುವ ಕಲ್ಲಿನ ಬಂಧು ಅಲ್ಲಿ ಕಥೆ ಹೇಳುತ್ತದೆ.

ಅಲ್ಲಿಯ ಒಂದು ಚಪ್ಪಡಿಯಲ್ಲಿ ರಾಣಿ ಹಾಗೂ ಪರಿಚಾರಿಕೆಯರೊಡನೆ ನಿಂತ ರಾಜ, ಛತ್ರವಿದೆ, ಚಾಮರವಿದೆ. ಜೊತೆಗೆ 'ರಾಯ ಅಸೋಕೋ' ಎಂಬ ಬರಹ. ದೇವಾನಾಂಪ್ರಿಯನೇ ಅಶೋಕನೆಂದು ಸ್ಪಷ್ಟಪಡಿಸಿದ್ದು ರಾಯಚೂರು ಸೀಮೆಯ ಮಸ್ಕಿಯ ಶಾಸನ, 1915ರಲ್ಲಿ. ಹೆಸರು ಬರೆದ ಅವನ ರೂಪವನ್ನು ಕೊಟ್ಟದ್ದು ಕನಗನಹಳ್ಳಿ. ಅಶೋಕನ ಕಾಲದ ಬಹಳ ಅನಂತರ ಕೆತ್ತಿದ್ದಾದ್ದರಿಂದ ಇದು ಅವನ ಮುಖದ ಪಡಿಯಚ್ಚಲ್ಲ, ಭೀಮಾತೀರದ ಶಿಲ್ಪಿಯ ಕಲ್ಪನೆ. ನನಗೆ ಅದರಿಂದಲೇ ಹೆಚ್ಚು ಪ್ರೀತಿ.

ಉತ್ಖನನದ ಅನಂತರ ಈ ಚಪ್ಪಡಿಗಳಲ್ಲಿ ಎಷ್ಟೋ ವರ್ಷಗಟ್ಟಲೆ ಅಲ್ಲಿಯೇ ನೆಲದ ಮೇಲೆ ಕಾದವು. ಸ್ತೂಪದ ಪುನರುಜ್ಜೀವನದ ಕೆಲಸ ಗಂಭೀರವಾಗಿ ನಡೆದದ್ದು ಈಚಿನ ವರ್ಷಗಳಲ್ಲಿ. ಶಾಸನಗಳ ಸಮಗ್ರ ಸಂಪುಟವನ್ನು 2014ರಲ್ಲಿ ಸಿದ್ಧಪಡಿಸಿದವರು ಒಬ್ಬ ಜಪಾನಿ, ಒಬ್ಬ ಜರ್ಮನ್ ವಿದ್ವಾಂಸ. ಅವರು ಅಷ್ಟು ದೂರದಿಂದ ಕನಗನಹಳ್ಳಿಯನ್ನು ಕಂಡುಕೊಂಡರು. ಗುಡಿಯ ತನಕ ಹೋದ ನಾನು ನಲವತ್ತು ವರ್ಷ ಅತ್ತ ಹೆಜ್ಜೆ ಇಡಲಿಲ್ಲ.

ಇದಕ್ಕೆ ಕಾರಣ ನಮ್ಮ ಮನೆಯ ಒಂದು ಕಟ್ಟಳೆ. ಉಡಿ ತುಂಬಿದ ಮೇಲೆ ಬೇರೆಲ್ಲಿಯೂ ಹೋಗಬಾರದು, ನೇರ ಮನೆ ಸೇರಬೇಕು. ಅಜ್ಜಿಯ ಮಾತನ್ನು ಮೀರುವ ಧೈರ್ಯ ನನಗೆ ಈಗಲೂ ಇಲ್ಲ. ಆದ್ದರಿಂದ ಈ ಸಲ ಕ್ರಮವನ್ನೇ ಬದಲಿಸಿದೆವು. ಬಿಸಿಲೇರುವ ಮುನ್ನ ಭೀಮೆಯಲ್ಲಿ ಮಿಂದು, ಉಡಿಯ ಸಾಮಾನನ್ನು ಚೀಲದಲ್ಲಿಟ್ಟುಕೊಂಡೇ ಮೊದಲು ಸ್ತೂಪಕ್ಕೆ ಹೋದೆವು. ಅಲ್ಲಿಂದ ಬಂದು ದೇವಿಗೆ ಉಡಿ ತುಂಬಿ, ನೇರ ಮನೆಗೆ ಮರಳಿದೆವು.