ಸ್ವಉದ್ಯೋಗ: ಯಂತ್ರ ಕೊಟ್ಟ ಮೇಲೆ ಮುಂದೇನು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸ್ವಉದ್ಯೋಗದಿಂದ ಸಮುದಾಯದ ಏಳಿಗೆ ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ನನಗೆ ತಿಳಿಸಿದ್ದಾರೆ. ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕರಿಗೂ ಉದ್ಯೋಗದ ವಿಷಯಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧವಿದೆ. ಒಂದು ಮನೆಯ ಸಂಪಾದನೆ ಕುಸಿದ ಸುದ್ದಿ ಊರಿಗೆ ಗೊತ್ತಾಗುವ ಮೊದಲೇ ನಮ್ಮ ಹಾಜರಿ ಪುಸ್ತಕಕ್ಕೆ ಗೊತ್ತಾಗುತ್ತದೆ. ಮೊದಲು ವಾರಕ್ಕೊಂದು ದಿನ ಗೈರು, ಆಮೇಲೆ ಎರಡು ದಿನ, ಕೊನೆಗೆ ಹೆಸರಿನ ಮುಂದೆ ಖಾಲಿ ಸಾಲು. ಆ ಹೆಸರು ಹೆಚ್ಚಾಗಿ ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹೆಣ್ಣುಮಗುವಿನದೇ ಆಗಿರುತ್ತದೆ. ಆದ್ದರಿಂದ ಹೊಟ್ಟೆಪಾಡಿನ ಪ್ರಶ್ನೆಯನ್ನು ಬಿಟ್ಟು ಶಿಕ್ಷಣದ ಪ್ರಶ್ನೆಯನ್ನು ಮಾತ್ರ ಚರ್ಚಿಸಲು ಸಾಧ್ಯವಿಲ್ಲ.

ನಮ್ಮ ರಾಂಪುರ, ಮೊಳಕಾಲ್ಮೂರು, ಚಳ್ಳಕೆರೆ ಕಡೆ ಬಯಲುಸೀಮೆ. ವರ್ಷಕ್ಕೆ ಐದುನೂರು ಮಿಲಿಮೀಟರ್ ಆಸುಪಾಸು ಮಳೆ, ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಶೇಂಗಾ ಬಿತ್ತಿ ಮುಗಿಲು ನೋಡುವುದು ನಮಗೆ ಹೊಸದಲ್ಲ. ಮಳೆ ಕೈಕೊಟ್ಟರೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೊರಡುವ ಕುಟುಂಬಗಳು ಎಲ್ಲ ಜಾತಿ, ಎಲ್ಲ ಧರ್ಮಗಳಲ್ಲೂ ಇವೆ. ಹಾಗೆಂದು ಇದು ಕಸುಬಿಲ್ಲದ ನಾಡೇ? ಖಂಡಿತ ಅಲ್ಲ. ಚಳ್ಳಕೆರೆಯ ಕಂಬಳಿಗೆ ಹೆಸರಿದೆ, ಅಲ್ಲಿನ ಎಣ್ಣೆ ಗಿರಣಿಗಳಿಗೆ ಹೆಸರಿದೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಪಕ್ಕದ ಬಳ್ಳಾರಿಯ ಜೀನ್ಸ್ ಹೊಲಿಗೆ ದೇಶಕ್ಕೆಲ್ಲ ಗೊತ್ತು. ಅಂದ ಮೇಲೆ ನಮ್ಮಲ್ಲಿ ಕೈಕೆಲಸಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಬೇರೆ ಕಡೆ. ಅದು ಎಲ್ಲಿದೆ ಎಂಬುದನ್ನೇ ಇಂದು ತಮ್ಮ ಮುಂದೆ ಇಡಲು ಬಯಸುತ್ತೇನೆ.

ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿರುವ ಒಂದು ಪ್ರಸಂಗವನ್ನು ಇಲ್ಲಿರುವ ಅನೇಕರು ಕೇಳಿದ್ದೀರಿ. ಅನ್ಸಾರಿಗಳಲ್ಲಿ ಒಬ್ಬರು ಪ್ರವಾದಿ ಮುಹಮ್ಮದ್ (ಸ) ಅವರ ಬಳಿ ಸಹಾಯ ಕೇಳಿ ಬಂದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿಯವರು ವಿಚಾರಿಸಿದರು. ಒಂದು ಒರಟು ಬಟ್ಟೆ ಇದೆ, ನೀರು ಕುಡಿಯುವ ಒಂದು ಬಟ್ಟಲಿದೆ ಎಂದು ಆತ ಹೇಳಿದರು. ಅವೆರಡನ್ನೂ ತರಿಸಿ ಪ್ರವಾದಿಯವರು ತಾವೇ ಹರಾಜು ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದರು. ಇದಕ್ಕಿಂತ ಹೆಚ್ಚು ಯಾರು ಕೊಡುತ್ತೀರಿ ಎಂದು ಎರಡು ಮೂರು ಸಲ ಕೇಳಿದ ಮೇಲೆ ಮತ್ತೊಬ್ಬರು ಎರಡು ದಿರ್ಹಮ್ ಕೊಟ್ಟರು. ಒಂದರಿಂದ ಮನೆಯವರಿಗೆ ಆಹಾರ ತೆಗೆದುಕೊಂಡು ಹೋಗಿ ಕೊಡು, ಇನ್ನೊಂದರಿಂದ ಕೊಡಲಿ ತಾ ಎಂದರು. ಕೊಡಲಿ ಬಂದಾಗ ತಮ್ಮ ಕೈಯಿಂದಲೇ ಅದಕ್ಕೆ ಕಾವು ಹಾಕಿಕೊಟ್ಟು, ಸೌದೆ ಕಡಿದು ಮಾರು, ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡ ಎಂದು ಕಳುಹಿಸಿದರು. ಆತ ಮರಳಿ ಬಂದಾಗ ಹತ್ತು ದಿರ್ಹಮ್ ಗಳಿಸಿದ್ದರು.

ದುಡಿದು ತಿನ್ನಬೇಕು ಎಂಬ ನೀತಿಗಾಗಿ ಈ ಪ್ರಸಂಗವನ್ನು ನಾವು ಹೇಳುತ್ತೇವೆ. ಅದು ಸರಿ. ಆದರೆ ಇದರಲ್ಲಿ ಸಹಾಯ ಮಾಡುವವರಿಗೂ ಪಾಠವಿದೆ. ಮೊದಲನೆಯದು, ಮನೆಯಲ್ಲಿ ಇರುವುದರಿಂದಲೇ ಬಂಡವಾಳ ಹುಟ್ಟಿತು. ಎರಡನೆಯದು, ಸಿಕ್ಕಿದ ಮೊದಲ ಬೆಲೆಗೆ ಮಾರಲಿಲ್ಲ. ಮೂರನೆಯದು, ಊಟದ ಹಣ ಬೇರೆ, ಕೊಡಲಿಯ ಹಣ ಬೇರೆ. ನಾಲ್ಕನೆಯದು, ಸೌದೆ ಎಲ್ಲ ಮನೆಗೂ ಬೇಕಾದ ವಸ್ತು, ಅದಕ್ಕೆ ಗಿರಾಕಿ ಇದ್ದೇ ಇರುತ್ತಾರೆ. ಐದನೆಯದು, ಕೆಲಸಕ್ಕೆ ಒಂದು ಗಡುವು ಇತ್ತು, ಗಡುವು ಮುಗಿದ ಮೇಲೆ ಏನಾಯಿತೆಂದು ತಿಳಿಯಿತು.

ಈಗ ನಮ್ಮ ಕಡೆ ಸಹಾಯ ಹೇಗೆ ನಡೆಯುತ್ತದೆ ನೋಡಿ. ಯಾವುದೇ ಊರಿನಲ್ಲಿ ಯಾವುದೇ ಸಂಘದ ಕಾರ್ಯಕ್ರಮವಾಗಲಿ, ವೇದಿಕೆಯ ಮೇಲೆ ಹೊಲಿಗೆ ಯಂತ್ರ ವಿತರಣೆ ಇರುತ್ತದೆ. ಫೋಟೋ ತೆಗೆಯುತ್ತಾರೆ, ಚಪ್ಪಾಳೆ ಬೀಳುತ್ತದೆ. ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಒಂದೇ ಓಣಿಯಲ್ಲಿ ಆರು ಮನೆಗೆ ಯಂತ್ರ ಬಂದರೆ ರವಿಕೆ ಹೊಲಿಸುವವರು ಆರು ಪಟ್ಟು ಹೆಚ್ಚುವುದಿಲ್ಲ. ರಂಜಾನ್, ಮದುವೆ ಸೀಜನ್ ಮುಗಿದ ಮೇಲೆ ಯಂತ್ರದ ಮೇಲೆ ಬಟ್ಟೆ ಮುಚ್ಚುತ್ತಾರೆ. ಕಷ್ಟ ಬಂದಾಗ ಅದನ್ನೇ ಅರ್ಧ ಬೆಲೆಗೆ ಮಾರುತ್ತಾರೆ. ಕೊಡಲಿ ಕೊಟ್ಟೆವು, ಸೌದೆಯ ಗಿರಾಕಿ ಎಲ್ಲಿ ಎಂದು ಕೇಳಲಿಲ್ಲ, ಹದಿನೈದು ದಿನದ ನಂತರ ವಿಚಾರಿಸಲೂ ಇಲ್ಲ. ಇಲ್ಲಿಯೇ ಇದೆ ನಾನು ಹೇಳಿದ ಕೊರತೆ.

ಇನ್ನೊಂದು ಕೊರತೆ ಲೆಕ್ಕದ್ದು. ಇಬ್ಬರು ಹೆಣ್ಣುಮಕ್ಕಳು ಸೇರಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆಂದು ಇಟ್ಟುಕೊಳ್ಳಿ. ಲೆಕ್ಕಕ್ಕೆಂದು ಒಂದು ಅಂದಾಜು ಹಿಡಿಯೋಣ. ಶೇಂಗಾ, ಕಾರ, ಬೆಳ್ಳುಳ್ಳಿ ಎಲ್ಲ ಸೇರಿ 1,000 ರೂಪಾಯಿ ಖರ್ಚು, ಮಾರಾಟ 1,400 ರೂಪಾಯಿ. 400 ರೂಪಾಯಿ ಲಾಭವೆಂದು ಸಂತೋಷಪಡುತ್ತಾರೆ. ಆದರೆ ಗ್ಯಾಸಿಗೆ 80, ಪೊಟ್ಟಣ ಮತ್ತು ಚೀಟಿಗೆ 60, ಸಂತೆಗೆ ಹೋಗಿಬರುವ ಬಸ್ಸಿಗೆ 60 ಹೋದರೆ ಉಳಿಯುವುದು 200. ಇಬ್ಬರೂ ಎರಡೆರಡು ದಿನ ದುಡಿದಿದ್ದಾರೆ, ಅಂದರೆ ನಾಲ್ಕು ದಿನದ ದುಡಿಮೆ. ಒಂದು ದಿನದ ಕೂಲಿ 50 ರೂಪಾಯಿ! ಈ ಲೆಕ್ಕವನ್ನು ಬರೆದರೆ ತಾನೇ ಬೆಲೆ ಏರಿಸಬೇಕೋ, ಒಂದೇ ಸಲ ಹೆಚ್ಚು ಮಾಡಿ ಖರ್ಚು ಇಳಿಸಬೇಕೋ, ಸಂತೆಯ ಬದಲು ಹತ್ತಿರದ ಅಂಗಡಿಗಳಿಗೆ ಹಾಕಬೇಕೋ ಎಂಬುದು ಗೊತ್ತಾಗುವುದು? ಬರೆಯದಿದ್ದರೆ ಆರು ತಿಂಗಳಲ್ಲಿ ಬಂಡವಾಳವೇ ಅಡುಗೆಮನೆಯಲ್ಲಿ ಕರಗಿಹೋಗುತ್ತದೆ. ಆಮೇಲೆ ಬರಕತ್ತು ಇರಲಿಲ್ಲ ಎನ್ನುತ್ತೇವೆ. ಹಿಸಾಬು ಇಡದ ಕಡೆ ಬರಕತ್ತನ್ನು ದೂರಿ ಏನು ಪ್ರಯೋಜನ?

ಸಾಲದ ವಿಷಯಕ್ಕೆ ಬರುತ್ತೇನೆ. ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ವಾರವಾರ ಸಭೆ, ಸಣ್ಣ ಉಳಿತಾಯ, ನಡಾವಳಿ ಪುಸ್ತಕ, ಒಬ್ಬರಿಗೊಬ್ಬರು ಜಾಮೀನು, ಇವು ಆ ಗುಂಪುಗಳ ಜೀವಾಳ. ಅವುಗಳಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಮುಂದೆ ಬಂದ ಕೆಲವು ಖಾಸಗಿ ಕಿರುಸಾಲಗಳಲ್ಲಿ ಈ ಕ್ರಮವೇ ತಲೆಕೆಳಗಾಯಿತು. ಉಳಿತಾಯವಿಲ್ಲ, ಉದ್ಯೋಗವಿಲ್ಲ, ನೇರ ಸಾಲ. ಒಂದು ಕಂತು ತೀರಿಸಲು ಇನ್ನೊಂದು ಸಾಲ. ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ಕೊಡಲಿಗಾಗಿ ಸಾಲ ಮಾಡುವುದೇ ಬೇರೆ, ಊಟಕ್ಕಾಗಿ ಅಥವಾ ಮದುವೆಯ ಊಟಕ್ಕಾಗಿ ಸಾಲ ಮಾಡಿ ಅದನ್ನು ಉದ್ಯೋಗದ ಸಾಲವೆಂದು ಬರೆಸುವುದೇ ಬೇರೆ.

ಹಾಗಾದರೆ ಸರಿಯಾದ ದಾರಿಯಲ್ಲಿ ನಡೆದವರು ಇಲ್ಲವೇ? ಇದ್ದಾರೆ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ ತೀರ್ಥ ಎಂಬ ಹಳ್ಳಿಯಿದೆ. ಅಲ್ಲಿ 2018ರಲ್ಲಿ 15 ಮಂದಿ ಮಹಿಳೆಯರು ಬೀಬಿ ಫಾತಿಮಾ ಸ್ವಸಹಾಯ ಗುಂಪನ್ನು ಕಟ್ಟಿಕೊಂಡರು. ಅವರು ಹಿಡಿದದ್ದು ನವಣೆ, ಸಾಮೆಯಂಥ ಸಿರಿಧಾನ್ಯಗಳನ್ನು. ನಾಟಿ ತಳಿಗಳ ಬೀಜ ಕೂಡಿಟ್ಟು ಸಮುದಾಯ ಬೀಜ ಬ್ಯಾಂಕ್ ಮಾಡಿದರು. ಬಿತ್ತನೆಗೆ ಬೀಜ ಒಯ್ದವರು ಸುಗ್ಗಿಯಾದ ಮೇಲೆ ಹೆಚ್ಚಿಗೆ ಸೇರಿಸಿ ಹಿಂದಿರುಗಿಸುವುದು ಇಂಥ ಬ್ಯಾಂಕುಗಳ ವಾಡಿಕೆ. ಸಹಜ ಸಮೃದ್ಧ ಸಂಸ್ಥೆ, ಸೆಲ್ಕೋ ಪ್ರತಿಷ್ಠಾನ, ಹೈದರಾಬಾದಿನ ಸಿರಿಧಾನ್ಯ ಸಂಶೋಧನಾ ಸಂಸ್ಥೆ ಇವುಗಳ ನೆರವಿನಿಂದ ಸಿರಿಧಾನ್ಯ ಸಂಸ್ಕರಣಾ ಘಟಕವೂ ಬಂತು. ಆ ಗುಂಪಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 2025ನೇ ಸಾಲಿನ ಈಕ್ವೇಟರ್ ಪ್ರಶಸ್ತಿ ದೊರೆಯಿತು.

ಪ್ರಶಸ್ತಿ ಬಂದದ್ದು ಹೆಮ್ಮೆಯ ವಿಷಯ. ಆದರೆ ನಾವು ಗಮನಿಸಬೇಕಾದದ್ದು ಅವರು ಹಿಡಿದ ಕಸುಬನ್ನು. ನವಣೆ, ಸಾಮೆಗಳ ಸಿಪ್ಪೆ ಗಟ್ಟಿ, ಸಿಪ್ಪೆ ತೆಗೆಯದೆ ಅಕ್ಕಿಯಾಗುವುದಿಲ್ಲ. ಹಿಂದೆ ಒರಳು ಒನಕೆಯಲ್ಲಿ ಕುಟ್ಟಿ ಹೆಂಗಸರ ರಟ್ಟೆ ಬೀಳುತ್ತಿತ್ತು. ಕುಟ್ಟುವವರು ಇಲ್ಲದೆ, ಹತ್ತಿರದಲ್ಲಿ ಗಿರಣಿಯೂ ಇಲ್ಲದೆ ಆ ಬೆಳೆಗಳೇ ಹಿಂದೆ ಬಿದ್ದವು. ಊರಿನಲ್ಲೇ ಸಂಸ್ಕರಣೆ ಬಂದರೆ ರೈತನ ಕಾಳಿಗೆ ಬೆಲೆ, ಮಹಿಳೆಯರಿಗೆ ಕೆಲಸ, ಮನೆಗೆ ಅನ್ನ ಮೂರೂ ಸಿಗುತ್ತವೆ. ಕಡಿಮೆ ಮಳೆಗೆ ಬರುವ ಬೆಳೆಯಾದ್ದರಿಂದ ಬರಗಾಲದಲ್ಲೂ ಪೂರ್ತಿ ಕೈಬಿಡುವುದಿಲ್ಲ. ಬಾಳಿಕೆ ಬರುವ ಉದ್ಯೋಗವೆಂದರೆ ಇದು. ನೆಲ, ನೀರು ಮುಗಿಸಿ ನಡೆಯುವ ಉದ್ಯೋಗ ಹತ್ತು ವರ್ಷ ಹಣ ಕೊಡಬಹುದು, ಮಕ್ಕಳಿಗೆ ಏನೂ ಉಳಿಸುವುದಿಲ್ಲ. ಜೀನ್ಸ್ ಬಟ್ಟೆಯನ್ನೇ ನೋಡಿ. ಹೊಲಿಗೆಗೆ ನೀರು ಬೇಡ, ಆದರೆ ಬಣ್ಣ ಹಾಕಿ ತೊಳೆಯುವ ಘಟಕಗಳಿಗೆ ಅಪಾರ ನೀರು ಬೇಕು, ಆ ಬಣ್ಣದ ನೀರು ಎಲ್ಲಿಗೆ ಹೋಗಬೇಕು ಎಂಬುದೂ ಪ್ರಶ್ನೆ. ನಮ್ಮಂಥ ಒಣನಾಡಿನಲ್ಲಿ ಹೊಸ ಕಸುಬು ಆರಿಸುವಾಗ ಮೊದಲ ಪ್ರಶ್ನೆ ನೀರಿನದೇ ಆಗಿರಬೇಕು.

ತರಬೇತಿಗೆ ದೂರ ಹೋಗಬೇಕಾಗಿಯೂ ಇಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಂದಿಗೆ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಶಾಖೆ ನಮ್ಮ ಚಿತ್ರದುರ್ಗದಲ್ಲೇ ಇದೆ. ಊಟ, ವಸತಿ ಸಹಿತ ಉಚಿತ ತರಬೇತಿ. ಅದರ ದೊಡ್ಡ ಗುಣವೆಂದರೆ ತರಬೇತಿ ಮುಗಿದ ಮೇಲೂ ಅಭ್ಯರ್ಥಿಯ ಬೆನ್ನುಹತ್ತಿ ವಿಚಾರಿಸುವುದು. ಈ ಮಾದರಿಯನ್ನೇ ಮುಂದೆ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಲಾಯಿತು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಯೋಜನೆಗಳೂ ಇವೆ. ಅರ್ಜಿ ಹಾಕುವ ಮೊದಲು ಕಸುಬು ಕಲಿತಿರಬೇಕು, ಲೆಕ್ಕ ಬರೆದಿರಬೇಕು ಅಷ್ಟೆ.

ಸಂಘದ ಹಿರಿಯರ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು, ಯಂತ್ರವಾಗಲಿ ತಳ್ಳುಗಾಡಿಯಾಗಲಿ ಕೊಡುವ ಮೊದಲು ಇದರ ಗಿರಾಕಿ ಯಾರು ಎಂಬ ಪ್ರಶ್ನೆಗೆ ಫಲಾನುಭವಿಯಿಂದಲೇ ಉತ್ತರ ಪಡೆಯಬೇಕು. ಎರಡು, ಜಕಾತ್ ಹಣವನ್ನು ನೂರು ಮನೆಗೆ ನೂರು ನೂರು ಹಂಚುವ ಜೊತೆಗೆ, ಪ್ರತಿವರ್ಷ ಅರ್ಹರಾದ ನಾಲ್ಕೈದು ಕುಟುಂಬಗಳನ್ನಾದರೂ ಆರಿಸಿ, ಊಟಕ್ಕಿಷ್ಟು ಕಸುಬಿಗಿಷ್ಟು ಎಂದು ಬೇರೆ ಬೇರೆಯಾಗಿ ಕೊಟ್ಟು ಅವರನ್ನು ಕಾಲ ಮೇಲೆ ನಿಲ್ಲಿಸಬೇಕು. ಇಂದು ಪಡೆದವರು ಮುಂದೊಂದು ವರ್ಷ ಕೊಡುವವರಾದರೆ ಅದೇ ನಿಜವಾದ ವರದಿ. ಮೂರು, ಕೊಟ್ಟ ಮೇಲೆ ಒಂದು ವರ್ಷದವರೆಗೆ ಹದಿನೈದು ದಿನಕ್ಕೊಮ್ಮೆ ಯಾರಾದರೂ ಹೋಗಿ ಕೆಲಸ ಹೇಗೆ ನಡೆದಿದೆ ಎಂದು ಕೇಳಿಬರಬೇಕು. ಮುಂದಿನ ವಾರ್ಷಿಕ ವರದಿಯಲ್ಲಿ ಕೊಟ್ಟ ಯಂತ್ರಗಳ ಸಂಖ್ಯೆಯ ಪಕ್ಕದಲ್ಲಿ ಓಡುತ್ತಿರುವ ಯಂತ್ರಗಳ ಸಂಖ್ಯೆಯೂ ಅಚ್ಚಾಗಲಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ನಮ್ಮಲ್ಲಿ ಅನೇಕರ ಮನೆಮಾತು ಉರ್ದು. ಬ್ಯಾಂಕಿನ ಅರ್ಜಿ ಕನ್ನಡದಲ್ಲಿರುತ್ತದೆ, ಷರತ್ತುಗಳು ಬಹಳ ಸಲ ಇಂಗ್ಲಿಷಿನಲ್ಲಿರುತ್ತವೆ. ಅಮ್ಮಿಜಾನ್ ಹೆಬ್ಬೆಟ್ಟು ಒತ್ತುವ ಕಾಗದದಲ್ಲಿ ಏನಿದೆ ಎಂದು ಓದಿ ಹೇಳಬಲ್ಲವರು ಮನೆಯಲ್ಲಿ ನೀವೇ. ಕನ್ನಡ ಕಲಿಯುವುದು ಪರೀಕ್ಷೆಯ ಅಂಕಕ್ಕೆ ಮಾತ್ರವಲ್ಲ, ಮನೆಯನ್ನು ಮೋಸದಿಂದ ಕಾಯುವುದಕ್ಕೂ ಹೌದು. ಪ್ರತಿಯೊಬ್ಬರೂ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು ಬರೆಯಿರಿ. ಮನೆಯ ಖರ್ಚಿಗೆ ಒಂದು ಪುಟ, ಕಸುಬಿನ ಖರ್ಚಿಗೆ ಇನ್ನೊಂದು ಪುಟ. ರಾತ್ರಿ ಹತ್ತು ನಿಮಿಷ ಸಾಕು. ಪೋಷಕರಲ್ಲಿಯೂ ಕೈಮುಗಿದು ಕೇಳುತ್ತೇನೆ, ಕಸುಬು ಬೆಳೆದಾಗ ಕೆಲಸಕ್ಕೆ ಆಳು ಬೇಕೆಂದು ಮಗಳನ್ನು ಶಾಲೆ ಬಿಡಿಸಬೇಡಿ. ಅವಳು ಬರೆಯುವ ಲೆಕ್ಕದಿಂದಲೇ ಆ ಕಸುಬು ಉಳಿಯಬೇಕಾಗಿದೆ.